ನಾಗತ್ತೆಯ ಬಂಗಲೆ ಸೊಪ್ಪು

ದಿಂಡುಗಲ್‌ನ ನಮ್ಮ ಮನೆಯ ತಾರಸಿಯ ಮೇಲೆ ಹದಿನಾಲ್ಕು ಕುಂಡಗಳಲ್ಲಿ ರೋಸ್‌ಮೆರಿ ಬೆಳೆದಿದೆ. ಈ ಬಿಸಿಲೂರಿನಲ್ಲಿ ಅದು ಬದುಕಿಕೊಂಡಿರುವುದನ್ನು ನೋಡಿ ಬಂದವರಿಗೆಲ್ಲ ಬೆರಗು. ಕೂದಲು ಉದುರುತ್ತದೆ, ಎಣ್ಣೆ ಕೊಡಿ ಎಂದು ಬರುವ ಎದುರು ಮನೆಯ ಹುಡುಗಿಯರು, ಆಲೂಗಡ್ಡೆ ಹುರಿಯುವುದಕ್ಕೆ ಎರಡು ಕಡ್ಡಿ ಸಾಕು ಎನ್ನುತ್ತ ಐದು ಕಡ್ಡಿ ಮುರಿದುಕೊಳ್ಳುವ ಪಕ್ಕದಾಕೆ, ಎಲ್ಲರದೂ ಒಂದೇ ಪ್ರಶ್ನೆ: ಇದನ್ನೆಲ್ಲ ಎಲ್ಲಿ ಕಲಿತಿರಿ? ಮೊದಮೊದಲು ಪುಸ್ತಕದಲ್ಲಿ ಓದಿದೆ ಎನ್ನುತ್ತಿದ್ದೆ. ಅದು ತೀರ ಒಣ ಸುಳ್ಳು ಅನ್ನಿಸಿದ ಮೇಲೆ, ನಮ್ಮ ಮನೆಯಲ್ಲಿ ಹಿಂದಿನಿಂದ ಬಂದದ್ದು ಎನ್ನತೊಡಗಿದೆ. ಅದೂ ಸುಳ್ಳೇ. ನಮ್ಮಪ್ಪನ ಅಕ್ಕ ನಾಗತ್ತೆ ಅದನ್ನು ಬೆಟ್ಟದ ಮೇಲಿನಿಂದ ಮಡಿಲಲ್ಲಿಟ್ಟುಕೊಂಡು ತಂದಳು. ಅವಳ ಕೈಯಿಂದಲೇ ಅದನ್ನು ಬೇರುಸಹಿತ ಕೀಳಿಸಿದವಳು ನಾನು. ಆಗ ನನಗೆ ಹತ್ತು ವರ್ಷ. ಈಗ ಅರವತ್ತು ದಾಟಿದೆ. ಈ ನಡುವೆ ಮರೆತದ್ದು ಬೇಕಾದಷ್ಟಿದೆ, ಇದೊಂದನ್ನು ಬಿಟ್ಟು.

ಬೆಟ್ಟದಡಿಯ ತೇವಾರದಲ್ಲಿ, ತಮಿಳು ಬೆರೆತ ಕನ್ನಡ ಆಡುವ ನಮ್ಮ ಮನೆಯಲ್ಲಿ ಮುಂದಿನ ಎರಡು ಕೋಣೆ ಮನುಷ್ಯರಿಗಿಂತ ಹೆಚ್ಚಾಗಿ ನೆಲಗಡಲೆ ಮೂಟೆಗಳಿಗೆ, ಬಿತ್ತನೆ ಕಾಳಿನ ಗುಡಾಣಗಳಿಗೆ, ಅಪ್ಪನ ಪಂಪ್‌ಸೆಟ್ಟಿನ ಬಿಡಿಭಾಗಗಳಿಗೆ ಸೇರಿದ್ದವು. ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಅಡುಗೆಮನೆ ಮಾತ್ರ ಅಗಲವಾಗಿತ್ತು. ಮೂರು ಒಲೆ, ಒಂದು ರುಬ್ಬುವ ಕಲ್ಲು, ಗೋಡೆಯಲ್ಲಿ ಮನೆದೇವರ ಗೂಡು, ಹಿತ್ತಿಲಿಗೆ ತೆರೆಯುವ ಬಾಗಿಲು. ಆ ಬಾಗಿಲಲ್ಲಿ ನಿಂತರೆ ಬೆಟ್ಟ ಎದೆಗೇ ತಾಗುವಷ್ಟು ಹತ್ತಿರ ಕಾಣುತ್ತಿತ್ತು. ಅಜ್ಜಿ ಕೂರುತ್ತಿದ್ದದ್ದು ಅದೇ ಹೊಸಿಲ ಬದಿಯಲ್ಲಿ. ಒಳಗಿನ ಒಲೆ, ಹೊರಗಿನ ಬಾವಿ ಎರಡೂ ಕಾಣುವ ಜಾಗ ಅದು. ಯಾರು ಉಪ್ಪು ಹೆಚ್ಚು ಹಾಕಿದರು, ಯಾರು ಕೊಡವನ್ನು ಅರ್ಧ ತುಂಬಿ ತಂದರು, ಎಲ್ಲ ಅವಳಿಗೆ ಗೊತ್ತಾಗಬೇಕು. ಮನೆಯಲ್ಲಿ ಯಾರ ಮಾತಿಗೆ ಎಷ್ಟು ತೂಕ ಎಂದು ತಿಳಿಯಬೇಕಾದರೆ ಯಾರು ಯಾವ ಒಲೆಯ ಮುಂದೆ ಕೂತಿದ್ದಾರೆ ಎಂದು ನೋಡಿದರೆ ಸಾಕಿತ್ತು. ನಡುವಿನ ದೊಡ್ಡ ಒಲೆ ಹನ್ನೆರಡು ವರ್ಷ ನನ್ನವ್ವನದಾಗಿತ್ತು. ನಾಗತ್ತೆ ಬಂದ ಮೇಲೆ ಅವ್ವ ಪಕ್ಕದ ಒಲೆಗೆ ಸರಿದಳು. ಪಕ್ಕಕ್ಕೆ ಸರಿ ಎಂದು ಯಾರೂ ಹೇಳಲಿಲ್ಲ, ಹಾಗಾಗಿ ವಾಪಸು ಬಾ ಎಂದು ಕರೆಯುವವರೂ ಇರಲಿಲ್ಲ.

ನಾಗತ್ತೆಯನ್ನು ಬೆಟ್ಟದ ಮೇಲಿನ ಏಲಕ್ಕಿ ಎಸ್ಟೇಟಿನಲ್ಲಿ ಜೀಪು ಓಡಿಸುವವನಿಗೆ ಕೊಟ್ಟಿದ್ದರು. ಅವಳು ಅಲ್ಲಿನ ಮ್ಯಾನೇಜರ ಬಂಗಲೆಯಲ್ಲಿ ಅಡುಗೆಗೆ ನಿಂತಿದ್ದಳು. ಒಂದು ವರ್ಷ ಆ ಮನುಷ್ಯ ಘಟ್ಟ ದಾಟಿ ಕೇರಳದಲ್ಲಿ ಇನ್ನೊಂದು ಸಂಸಾರ ಹೂಡಿದ. ಅತ್ತೆ ಹಿಂದೆ ಬಿದ್ದು ಹೋಗಲಿಲ್ಲ, ಊರು ಸೇರಿಸಿ ಪಂಚಾಯ್ತಿಯನ್ನೂ ಮಾಡಲಿಲ್ಲ. ತಾಳಿಯನ್ನು ಕತ್ತಿನಲ್ಲಿ ಇದ್ದ ಹಾಗೇ ಇಟ್ಟುಕೊಂಡು, ಒಂದು ಟ್ರಂಕು ಮತ್ತು ಒಂದು ಬಿಸ್ಕತ್ತಿನ ತಗಡು ಡಬ್ಬಿ ಹಿಡಿದು ಬಸ್ಸಿಳಿದಳು. ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಒಳಗೆ ಗೇಣುದ್ದದ ಒಂದು ಗಿಡ. ಎಲೆಗಳು ಸೂಜಿಯಂತೆ ಸಣ್ಣ, ಮೇಲೆ ಕಡುಹಸಿರು, ಅಡಿಯಲ್ಲಿ ಬೂದಿ ಸವರಿದ ಬಣ್ಣ. ಮುಟ್ಟಿದರೆ ಬೆರಳಿಗೆ ಅಂಟು, ಮೂಸಿದರೆ ತಲೆಯೊಳಗೆ ಕಿಟಕಿ ತೆರೆದ ಹಾಗೆ. ಬಂಗಲೆಯ ಯಜಮಾನಿ ಅದನ್ನು ಏನೆಂದು ಕರೆಯುತ್ತಿದ್ದಳೋ ಅತ್ತೆಯ ನಾಲಗೆಗೆ ಆ ಹೆಸರು ಹತ್ತಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಬಂಗಲೆ ಸೊಪ್ಪು ಎಂದೇ ಹೆಸರಾಯಿತು.

ಬೆಟ್ಟದ ತಂಪಿನ ಗಿಡವನ್ನು ಬಯಲಿನಲ್ಲಿ ಉಳಿಸುವುದು ಸುಲಭವಲ್ಲ ಎಂದು ಇವತ್ತು ನನಗೆ ಗೊತ್ತು. ನಾನೇ ಐದಾರು ಗಿಡ ಕೊಂದಿದ್ದೇನೆ. ಅತ್ತೆ ಹೊಳೆಯ ಮರಳು, ಪುಡಿ ಮಾಡಿದ ಇಟ್ಟಿಗೆ, ಒಂದು ಹಿಡಿ ಹಳೆಯ ಗೊಬ್ಬರ ಕಲಸಿ, ಒಡೆದ ಅನ್ನದ ಮಡಕೆಯಲ್ಲಿ ಅದನ್ನು ನೆಟ್ಟು, ನುಗ್ಗೆ ಮರದ ಕೆಳಗೆ ಮಧ್ಯಾಹ್ನದ ಬಿಸಿಲು ತಪ್ಪುವಲ್ಲಿ ಇಟ್ಟಳು. ನಾನು ಪ್ರೀತಿ ತೋರಿಸಲು ದಿನಾ ಒಂದು ಚೆಂಬು ನೀರು ಹಾಕಲು ಹೋದರೆ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಮಕ್ಕಳನ್ನು ಅವಳು ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದಳು.

"ನೀರ್ ಜಾಸ್ತಿ ಕುಡುದ್ರೆ ಸಾಯೋ ಗಿಡ ಕಣ್ಣು ಇದು. ಬೆಳ್ಳು ಬುಟ್ಟು ನೋಡು. ಮಣ್ಣು ಒಣಗೈತಾ? ಆಮ್ಯಾಕೆ ನೀರ್ ಊತು."

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಒಂದು ಮಡಕೆ ನಾಲ್ಕಾಯಿತು. ಕಡ್ಡಿ ಮುರಿದು, ಕೆಳಗಿನ ಎಲೆ ಸವರಿ, ಬರೀ ಮರಳಿನಲ್ಲಿ ಚುಚ್ಚಿ, ಬೇರು ಬರುವ ತನಕ ಅದರ ಮೇಲೆ ಹಳೆಯ ಬುಟ್ಟಿ ಕವುಚುತ್ತಿದ್ದಳು. ಕೋಳಿ ಸಾರು ಇಳಿಸುವ ಮುಂಚೆ ಎರಡೇ ಕಡ್ಡಿ ಹಾಕಿ, ಬಡಿಸುವಾಗ ತೆಗೆದುಬಿಡುತ್ತಿದ್ದಳು. ಮೂರಾದರೆ ಸಾರು ಕಷಾಯವಾಗುತ್ತದೆ ಎನ್ನುತ್ತಿದ್ದಳು. ಸಣ್ಣ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಕಡಲೆಕಾಯಿ ಎಣ್ಣೆಯಲ್ಲಿ ಹುರಿದು, ಕೊನೆಗೆ ಹೆಚ್ಚಿದ ಸೊಪ್ಪು ಉದುರಿಸಿದರೆ ಅಪ್ಪ ಹೊಲದಿಂದ ಊಟಕ್ಕೆ ಬೇಗ ಬರುತ್ತಿದ್ದ. ಎರಡು ದಿನ ನೆರಳಲ್ಲಿ ಬಾಡಿಸಿದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಗೆ ಇಟ್ಟು ತಲೆಗೆ ಎಣ್ಣೆ ಕಾಸುತ್ತಿದ್ದಳು. ಹಸಿ ಎಲೆ ಹಾಕಿದರೆ ಎಣ್ಣೆ ಮುಗ್ಗುತ್ತದೆ ಎಂಬುದು ಅವಳು ಕಲಿಸಿದ್ದೇ. ಅಜ್ಜಿಗೆ ನೆಗಡಿಯಾದಾಗ ಕಂಬಳಿ ಹೊದಿಸಿ ಬಿಸಿನೀರಿನ ಆವಿ ಕೊಟ್ಟಳು. ಮೂಗು ಕಟ್ಟಿಕೊಂಡು ವಾರವೆಲ್ಲ ಮನೆಮಂದಿಯನ್ನು ಬೈಯುತ್ತಿದ್ದ ಅಜ್ಜಿ ಕಂಬಳಿಯಿಂದ ತಲೆ ಹೊರಗೆ ಹಾಕಿದ್ದೇ ಮಗುವಿನಂತೆ ನಕ್ಕಳು.

"ಮೂಗಿನ ಅಡೈಪ್ಪು ಬುಟ್ಟೋಯ್ತು ಕಣೇ ನಾಗಾ! ನಾಳೀಕೂ ಮಾಡೇ."

ಅವ್ವ ಆಗ ಪಕ್ಕದ ಒಲೆಯ ಮುಂದೆ ರಾಗಿ ಕಳಿ ತಿರುವುತ್ತಿದ್ದಳು. ಅದೇ ಅಜ್ಜಿಗೆ ಹಿಂದಿನ ನಾಲ್ಕು ದಿನ ಮೆಣಸಿನ ಸಾರು, ಶುಂಠಿ ಕಷಾಯ ಮಾಡಿಕೊಟ್ಟವಳು ಅವ್ವ. ಅವಳು ತಲೆ ಎತ್ತಲಿಲ್ಲ. ಕಳಿಯ ಕೋಲು ಮಾತ್ರ ಮಡಕೆಯ ಬದಿಗೆ ಜೋರಾಗಿ ತಾಗಿತು. ನನ್ನವ್ವ ಕೆಟ್ಟವಳಲ್ಲ, ಇದನ್ನು ಇಲ್ಲೇ ಬರೆದುಬಿಡುತ್ತೇನೆ. ಅವಳು ಆ ಮನೆಗೆ ಹದಿನಾರನೇ ವಯಸ್ಸಿಗೆ ಬಂದು, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ದುಡಿದಿದ್ದಳು. ಅವಳ ಅಡುಗೆಯನ್ನು ಯಾರೂ ಹಳಿದಿರಲಿಲ್ಲ, ಆದರೆ ಯಾರೂ ಅದಕ್ಕಾಗಿ ನಕ್ಕಿರಲಿಲ್ಲ. ಅದೊಂದು ನಗುವಿಗೆ ಅವಳು ಹನ್ನೆರಡು ವರ್ಷ ಕಾದಿದ್ದಳು ಎಂಬುದು ನನಗೆ ಗೊತ್ತಾಯಿತು. ನನಗೆ ಅವಳ ಮೇಲೆ ಕರುಣೆ ಬಂತು. ಅತ್ತೆಯ ಕೈಯ ಆಲೂಗಡ್ಡೆಯನ್ನೂ ಬಿಡದೆ ತಿಂದೆ.

ಮಾಸಿ ತಿಂಗಳ ಶಿವರಾತ್ರಿಯ ಮಾರನೆಯ ದಿನ ನಮ್ಮಲ್ಲಿ ಮನೆದೇವರಿಗೆ ಮಡಕೆ ಇಡುವುದು. ಒಂದೇ ಮನೆದೇವರ ದಾಯಾದಿಗಳು, ನಾವು ಪಂಗಾಳಿಗಳು ಎನ್ನುತ್ತೇವೆ, ಕಂಬಂ, ಗೂಡಲೂರಿನಿಂದೆಲ್ಲ ಬಂದು ಸೇರುತ್ತಾರೆ. ಹೊಸ ಮಣ್ಣಿನ ಮಡಕೆಯಲ್ಲಿ ಅಕ್ಕಿ, ಅವರೆಕಾಳು, ಕುಂಬಳಕಾಯಿ, ಉಪ್ಪು, ಬೇರೇನೂ ಇಲ್ಲ. ಎಲ್ಲವೂ ನಮ್ಮ ಹೊಲದ್ದೇ ಆಗಬೇಕು. ಅಡುಗೆಯ ವಾಸನೆ ದೇವರಿಗಿಂತ ಮೊದಲು ಯಾರ ಮೂಗಿಗೂ ಹೋಗಬಾರದು. ಆದ್ದರಿಂದ ಅಡುಗೆ ಮಾಡುವ ಹೆಂಗಸು ಒಗೆದ ಬಿಳಿ ಬಟ್ಟೆಯನ್ನು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು, ಮಾತಾಡಬಾರದು. ಒಳಗೆ ಅವಳ ಜೊತೆ ಇರಬಹುದಾದವಳು ಮೈನೆರೆಯದ ಒಂದು ಹೆಣ್ಣುಮಗು ಮಾತ್ರ. ಅವಳು ಒಲೆಗೆ ಸೌದೆ ನೂಕಬೇಕು, ಕೇಳಿದ್ದನ್ನು ಎತ್ತಿಕೊಡಬೇಕು. ಅವಳ ಮೂಗಿಗೂ ಬಟ್ಟೆಯೇ. ಅನ್ನ ಉಕ್ಕಿದ ಕೂಡಲೇ ಅಡುಗೆಯವಳು ಗೂಡಿನ ಕಡೆ ತಿರುಗಿ ಅಡ್ಡಬೀಳುತ್ತಾಳೆ, ಹೊರಗಿನ ಹೆಂಗಸರು ನಾಲಗೆ ಹೊರಳಿಸಿ ಕುಲವೆ ಎಂಬ ಮಂಗಳದ ಕೂಗು ಹಾಕುತ್ತಾರೆ. ಆಮೇಲೆ ಮಡಕೆಯ ಬಾಯಿಗೆ ಬಾಳೆಲೆ ಕಟ್ಟಿದರೆ, ಅದನ್ನು ಬಿಚ್ಚುವುದು ದೇವರ ಮುಂದೆ, ಹಿರಿಯ ಪಂಗಾಳಿಯ ಕೈಯಿಂದ.

ಅಲ್ಲಿಯ ತನಕ ಆ ಮಡಕೆ ಇಟ್ಟವಳು ಅಜ್ಜಿ. ಆ ವರ್ಷ ಅವಳ ಕಣ್ಣಿಗೆ ಪೊರೆ ಬಂದಿತ್ತು. ಮನೆಗೆ ಬಂದ ಸೊಸೆ ಇದ್ದಾಳೆ, ಅವಳಿಗೇ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಜ್ಜಿ ಮಾತ್ರ ನಾಗತ್ತೆ ಇಡಲಿ ಎಂದಳು. ಕೊಟ್ಟ ಹೆಣ್ಣು ಬೇರೆ ಮನೆಯ ದೇವರಿಗೆ ಸೇರಿದವಳು, ಅವಳು ಇಲ್ಲಿ ಮಡಕೆ ಇಟ್ಟದ್ದುಂಟೇ ಎಂದು ಪಂಗಾಳಿಗಳು ಗೊಣಗಿದರು. ಅಪ್ಪನ ದೊಡ್ಡಪ್ಪನ ಮಗ, ನನಗೂ ದೊಡ್ಡಪ್ಪನೇ, ಬೇಡವೆಂದು ಹೇಳಿಕಳಿಸಿದ. ಅಜ್ಜಿ ಜಗ್ಗಲಿಲ್ಲ.

"ಅವಳ್ನ ಕೊಟ್ ಮನೆ ಎಲ್ಲೈತೆ ಈಗ? ತಾಳಿ ಕಟ್ದವ್ನೇ ಬುಟ್ಟೋದ ಮ್ಯಾಕೆ ಆ ಮನೆ ಶಾಮಿ ಬಂದು ಕೇಳ್ತಾನಾ? ತಪ್ಪಾದ್ರೆ ನನ್ನ ಕೇಳಿ."

ಹೀಗೆ ಅಜ್ಜಿ ತನ್ನ ಮಾತನ್ನು ಮಗಳ ಮೇಲೆ ಪಣವಿಟ್ಟಳು. ಒಳಗೆ ಅತ್ತೆಯ ಜೊತೆ ಇರಬೇಕಾದ ಹೆಣ್ಣುಮಗು ನಾನೇ ಎಂದಾಯಿತು. ನಾಗತ್ತೆಗೆ ಅದು ಬರೀ ಮಡಕೆಯಾಗಿರಲಿಲ್ಲ. ಬಿಟ್ಟು ಬಂದವಳು ಎಂದು ಬೀದಿಯಲ್ಲಿ ಅನ್ನಿಸಿಕೊಂಡು, ತಮ್ಮನ ಮನೆಯಲ್ಲಿ ಉಣ್ಣುತ್ತಿದ್ದವಳಿಗೆ ನೀನೂ ಈ ಮನೆಯವಳೇ ಎಂದು ಹತ್ತೂರಿನ ಪಂಗಾಳಿಗಳೆದುರು ಹೇಳಿದಂತೆ ಅದು. ಆ ವಾರವೆಲ್ಲ ಅವಳು ಹಾಡಿಕೊಳ್ಳುತ್ತಲೇ ಕೆಲಸ ಮಾಡಿದಳು. ಅವ್ವ ಒಂದು ಮಧ್ಯಾಹ್ನ ರುಬ್ಬುವ ಕಲ್ಲಿನ ಮುಂದೆ, ನಾನು ಪಕ್ಕದಲ್ಲಿ ಕೂತಿರುವುದನ್ನೂ ಲೆಕ್ಕಿಸದೆ, ಗೂಡಿನ ಕಡೆ ನೋಡಿ ಅತ್ತಳು.

"ಈ ಅಡುಪ್ಪಿನ ಮುಂದೆ ನನ್ ಕಣ್ಣು ಒಗೆ ಕುಡ್ದು ಕುಡ್ದು ಓದವು. ಮಡಕೆ ಮಾತ್ರ ಮಗಳಿಗೆ. ಅವಳ್ ಕೈ ಒಂದ್ ಕಿತ ತಪ್ಪಲಿ ಶಾಮಿ. ಒಂದೇ ಕಿತ. ನಾಕ್ ಜನ ನೋಡೋ ಅಂಗೆ ತಪ್ಪಲಿ."

ಈ ಕಥೆಯನ್ನು ನಾನು ಎರಡು ಸಲ ಹೇಳಿದ್ದೇನೆ, ಒಮ್ಮೆ ನನ್ನ ಗಂಡನಿಗೆ, ಒಮ್ಮೆ ಒಬ್ಬ ಗೆಳತಿಗೆ. ಎರಡು ಸಲವೂ, ಚಿಕ್ಕವಳು, ದೇವರ ಅನ್ನಕ್ಕೂ ಒಳ್ಳೆಯ ಘಮ ಬರಲಿ ಎಂಬ ಆಸೆಯಿಂದ ಬಂಗಲೆ ಸೊಪ್ಪು ಹಾಕಿಬಿಟ್ಟೆ ಎಂದು ಹೇಳಿದೆ. ಇಬ್ಬರೂ ಪಾಪ ಎಂದರು. ಆ ಪಾಪ ಎಂಬ ಮಾತನ್ನು ನಾಚಿಕೆಯಿಲ್ಲದೆ ಇಸಿದುಕೊಂಡೆ. ನಿಜ ಹೀಗಿದೆ: ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ಹೊಸ ಪಾವಾಡೆ ಉಟ್ಟ ಮೇಲೆ, ನುಗ್ಗೆ ಮರದ ಕೆಳಗೆ ಹೋಗಿ ಒಂದು ಹಿಡಿ ಎಲೆ ಸವರಿ ಪಾವಾಡೆಯ ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡೆ. ಮಾಡುತ್ತಿರುವುದು ಏನೆಂದು ನನಗೆ ಗೊತ್ತಿತ್ತು. ಅನ್ನ ಉಕ್ಕಿತು. ಹೊರಗೆ ಕುಲವೆ ಎದ್ದಿತು. ಅತ್ತೆ ಗೂಡಿನ ಕಡೆ ತಿರುಗಿ ನೆಲಕ್ಕೆ ಹಣೆ ಹಚ್ಚಿದಳು. ಆಗ ಅವಳ ಬೆನ್ನು ನಡುಗುತ್ತಿತ್ತು, ಅಳುತ್ತಿದ್ದಳೋ, ನಗುತ್ತಿದ್ದಳೋ. ಅದನ್ನು ನೋಡಿಯೂ ಹಾಕಿದೆ. ಸೌಟಿನ ಹಿಡಿಯಿಂದ ಒಳಗೆ ಒತ್ತಿದೆ. ಅವಳು ಎದ್ದು ಬಂದು, ಮಡಕೆಯ ಬಾಯಿಗೆ ಬಾಳೆಲೆ ಕಟ್ಟಿ, ನನ್ನ ಕೆನ್ನೆ ಮುಟ್ಟಿದಳು. ಮೂಗಿಗೆ ಬಟ್ಟೆ ಇದ್ದದ್ದರಿಂದ ಅವಳಿಗೆ ಏನೂ ತಿಳಿಯಲಿಲ್ಲ.

ದೊಡ್ಡಪ್ಪ ಗೂಡಿನ ಮುಂದೆ ಕೂತು ಬಾಳೆಲೆ ಬಿಚ್ಚಿದ. ಅಡುಗೆಮನೆಯ ತುಂಬ ಜನ, ಬಾಗಿಲಾಚೆಯೂ ಜನ. ಮೊದಲ ಆವಿ ಮೇಲೆದ್ದಾಗ ಎಲ್ಲರೂ ಕೈಮುಗಿದಿದ್ದರು. ಕೈಮುಗಿದುಕೊಂಡೇ ಒಬ್ಬೊಬ್ಬರಾಗಿ ಮುಖ ನೋಡಿಕೊಂಡರು. ದೊಡ್ಡಪ್ಪನ ಹುಬ್ಬು ಗಂಟಾಯಿತು.

"ಇದೇನ್ ಚಿಕ್ಕವ್ವ, ಮರುಂದು ವಾಸನೆ ಬತ್ತೈತೆ? ಶಾಮಿ ಅನ್ನಕ್ಕೆ ಮದ್ದು ಆಕವ್ರಾ?"

ಸೌಟಿನಿಂದ ಕೆದಕಿದಾಗ ಎಲೆ ಮೇಲೆ ಬಂತು, ಒಂದಲ್ಲ ಎರಡಲ್ಲ. ಆಗ ನಾಗತ್ತೆ ಮುಖದ ಬಟ್ಟೆ ಕೆಳಗೆಳೆದು ಉಸಿರೆಳೆದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಯಾರ ಕಡೆಗೂ ನೋಡಲಿಲ್ಲ, ನನ್ನ ಕಡೆಗಂತೂ ಇಲ್ಲವೇ ಇಲ್ಲ. ಅವಳ ಕೈ ತನ್ನ ಜಡೆಗೆ ಹೋಯಿತು, ಆಮೇಲೆ ಸೆರಗಿನ ತುದಿಗೆ. ಅವಳಿಗೆ ಆ ಎಲೆಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿತ್ತು. ತಲೆನೋವು ಬಂದಾಗ ತಿಕ್ಕಿ ಮೂಸುತ್ತಿದ್ದಳು. ಆ ದಿನ ಉಟ್ಟದ್ದು ಮಡಿಸೀರೆ, ಗಂಟಿನಲ್ಲಿ ಏನೂ ಇರಲಿಲ್ಲ. ಆದರೂ ಅವಳು ತನ್ನನ್ನೇ ನಂಬಲಿಲ್ಲ.

"ನಂದೇ ತಪ್ಪು. ನನ್ ತಲೇಲಿಂದ ಬಿದ್ದಿರ್ಬೇಕು, ಇಲ್ಲಾಂದ್ರೆ ಮುಂದಾನೆ ಗಂಟಿಂದ. ಮನ್ನಿಸ್ಬುಡಿ. ನಂದೇ ತಪ್ಪು."

ಬಾಯಿ ತೆರೆದು, ನಾನೇ ಹಾಕಿದ್ದು ಎಂದಿದ್ದರೆ ಎರಡು ಏಟು ಬೀಳುತ್ತಿತ್ತು, ಅಷ್ಟೇ. ಮಗು ಮಾಡಿದ ತಪ್ಪಿಗೆ ದೇವರೂ ಮುನಿಯುವುದಿಲ್ಲ ಎಂದು ಅಜ್ಜಿಯೇ ಹೇಳುತ್ತಿದ್ದಳು. ನಾನು ಸುಮ್ಮನಿದ್ದೆ. ಆ ಅನ್ನವನ್ನು ತೆಂಗಿನ ಮರದ ಬುಡದಲ್ಲಿ ಹೂತರು. ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ಮೂಗಿಗೆ ಬಟ್ಟೆ ಕಟ್ಟಿ, ಬೇರೆ ಮಡಕೆ ಇಟ್ಟಳು. ಎಲ್ಲ ಸರಿಯಾಗಿ ಬಂತು. ಪಂಗಾಳಿಗಳು ಹೊಟ್ಟೆತುಂಬ ಉಂಡು, ಸೊಸೆ ಇರುವಾಗ ಹೀಗೆ ಮಾಡಬಾರದಿತ್ತು ಎಂದು ಅಜ್ಜಿಗೆ ಬುದ್ಧಿ ಹೇಳಿ ಹೋದರು. ಅಜ್ಜಿ ಯಾರಿಗೂ ಎದುರು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಅವ್ವ ನನ್ನನ್ನು ಬಾವಿಯ ಹತ್ತಿರ ಕರೆದಳು. ನನ್ನ ಬಲಗೈ ಹಿಡಿದು ಮುಖದ ಹತ್ತಿರ ತಂದು ಮೂಸಿದಳು. ಏನೂ ಕೇಳಲಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ಒಂದೊಂದೇ ಬೆರಳನ್ನು ತಿಕ್ಕಿ ತೊಳೆದಳು. ಪಾವಾಡೆಯ ಮಡಿಕೆ ಕೊಡವಿ, ಬಿದ್ದ ನಾಲ್ಕು ಎಲೆಗಳನ್ನು ಕಾಲಿನಿಂದ ಕೆಸರಿಗೆ ತುಳಿದಳು. ಆಮೇಲೆ ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ನನ್ನ ಬಾಯಿಗಿಟ್ಟಳು. ನಾನು ಅದನ್ನು ಚೀಪಿದೆ. ಅವ್ವನೂ ನಾನೂ ಮುಂದೆ ಒಂದು ದಿನವೂ ಆ ಮಾತೆತ್ತಲಿಲ್ಲ. ಬೇರೆ ತಾಯಿ ಮಕ್ಕಳ ನಡುವೆ ಏನೇನೋ ಗುಟ್ಟುಗಳಿರುತ್ತವೆ. ನಮ್ಮಿಬ್ಬರ ನಡುವೆ ಇದ್ದದ್ದು ಇದು, ಇದರಿಂದಾಗಿ ನಾವು ಒಬ್ಬರ ಕಣ್ಣನ್ನು ಒಬ್ಬರು ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾಗತ್ತೆ ನಾಲ್ಕೂ ಮಡಕೆಯ ಗಿಡಗಳನ್ನು ತಾನೇ ಕಿತ್ತಳು. ಅಪ್ಪ ಬೇಡ ಎಂದ, ಕೇಳಲಿಲ್ಲ. ಎಣ್ಣೆಯ ಸೀಸೆಯನ್ನು ಸಗಣಿ ಗುಂಡಿಗೆ ಸುರಿದಳು. ಅಂದಿನಿಂದ ಅವಳು ಅಡುಗೆಮನೆಯ ಹೊಸಿಲು ದಾಟಲಿಲ್ಲ. ಅವ್ವ ತಟ್ಟೆಗೆ ಹಾಕಿದ್ದನ್ನು ಹಿತ್ತಿಲಲ್ಲಿ ಕೂತು ಉಣ್ಣುತ್ತಿದ್ದಳು. ಆರು ತಿಂಗಳ ಮೇಲೆ ಒಡ್ಡನ್‌ಛತ್ರಂನಲ್ಲಿ ತರಕಾರಿ ಮಂಡಿಯ ಹಮಾಲರಿಗೆ, ಲಾರಿಯವರಿಗೆ ಊಟ ಹಾಕುವ ಒಂದು ಮೆಸ್ಸಿಗೆ ಕೆಲಸಕ್ಕೆ ಹೋದಳು. ಅಲ್ಲಿ ಅವಳ ಸಾರಿಗೆ ಹೆಸರಾಯಿತು, ಕೊನೆಗೆ ಮೆಸ್ಸೇ ಅವಳದಾಯಿತು ಎಂದು ಕೇಳಿದ್ದೇವೆ. ಅಜ್ಜಿ ಸತ್ತಾಗ ಬಂದಳು, ನನ್ನ ಮದುವೆಗೆ ಬಂದಳು. ಶಿವರಾತ್ರಿಗೆ ಮಾತ್ರ ಬರಲಿಲ್ಲ. ಅವ್ವ ಹಾಸಿಗೆ ಹಿಡಿದ ಕಡೆಯ ಮೂರು ತಿಂಗಳು, ಯಾರೂ ಕರೆಯದೆ ತಾನಾಗಿ ಬಂದು, ಮಗುವಿಗೆ ಮಾಡಿದಂತೆ ಅವ್ವನಿಗೆ ಮಾಡಿದಳು. ಅವ್ವ ಅವಳ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಅತ್ತಿಗೆ, ಅತ್ತಿಗೆ ಎಂದು ಅಳುತ್ತಿದ್ದಳು. ಬಾಗಿಲ ಹತ್ತಿರ ನಿಂತ ನಾನು, ಈಗ ಹೇಳುತ್ತಾಳೆ, ಈಗ ಹೇಳಿಬಿಡುತ್ತಾಳೆ ಎಂದು ಹೆದರಿದ್ದೆ. ಅವ್ವ ಹೇಳದೆಯೇ ಹೋದಳು. ನನಗೆ ಆದದ್ದು ದುಃಖಕ್ಕಿಂತ ಹೆಚ್ಚಾಗಿ ಸಮಾಧಾನ.

ಕಳೆದ ವರ್ಷ ನನ್ನ ತಮ್ಮನ ಮಗಳು ಒಡ್ಡನ್‌ಛತ್ರಂಗೆ ಹೋಗುವಾಗ ನಾನು ಕಾಸಿದ ರೋಸ್‌ಮೆರಿ ಎಣ್ಣೆಯ ಸೀಸೆಯೊಂದನ್ನು ಅತ್ತೆಗೆಂದು ಕೊಂಡುಹೋದಳು. ನನ್ನನ್ನು ಕೇಳಿದ್ದರೆ ಕೊಡುತ್ತಿರಲಿಲ್ಲ. ಸೀಸೆಯನ್ನು ಹಾಗೇ ವಾಪಸು ತಂದು ನನ್ನ ಮೇಜಿನ ಮೇಲಿಟ್ಟಳು. ಅತ್ತೆ ಮುಚ್ಚಳ ತೆಗೆಯದೆಯೇ ಗುರುತು ಹಿಡಿದು, ಆ ಸೊಪ್ಪು ನನ್ನ ಕೈಗೆ ಆಗಿಬರುವುದಿಲ್ಲ ಕಣ್ಣು, ನಾನು ಅದನ್ನು ಮುಟ್ಟಿ ಒಂದು ದೊಡ್ಡ ತಪ್ಪು ಮಾಡಿದವಳು ಎಂದಳಂತೆ. ಎಂಬತ್ತು ದಾಟಿದ ಹೆಂಗಸು, ಎಳೆಯ ಹುಡುಗಿಯ ಮುಂದೆ, ಮಾಡದ ತಪ್ಪನ್ನು ಒಪ್ಪಿಕೊಂಡಿದ್ದಳು. ಮರುದಿನವೇ ಬಸ್ಸು ಹತ್ತಿದೆ.

ಮಂಡಿಯ ಹಿಂದಿನ ಬೀದಿಯಲ್ಲಿ ಅವಳ ಮನೆ. ಮೆಸ್ಸನ್ನು ಈಗ ಬೇರೆಯವರು ನಡೆಸುತ್ತಾರೆ, ಆದರೂ ಅತ್ತೆ ಜಗಲಿಯಲ್ಲಿ ಕೂತು ಅವರಿಗೆ ಸಣ್ಣ ಈರುಳ್ಳಿ ಸುಲಿದುಕೊಡುತ್ತಿದ್ದಳು. ನಾನೂ ಕೂತು ಒಂದು ಹಿಡಿ ಎತ್ತಿಕೊಂಡೆ.

"ಅತ್ತೆ, ಅವತ್ತು ಶಾಮಿ ಮಡಕೇಲಿ ಇದ್ದ ಸೊಪ್ಪು ನಿನ್ ತಲೇಲಿಂದ ಬಿದ್ದಿದ್ದಲ್ಲ. ನಾನ್ ಆಕಿದ್ದು."

ಅವಳ ಕೈ ನಿಂತಿತು.

"ತಿಳೀದೆ ಆಕ್ದ್ಯಾ?"

"ಇಲ್ಲ. ಬೇಕೂಂತ್ಲೇ."

ಅವಳು ನನ್ನನ್ನು ನೋಡಿದಳು. ಕೋಪ ಬರುತ್ತದೆ ಎಂದು ಕಾದಿದ್ದೆ, ಬರಲಿ ಎಂದು ಆಸೆಪಟ್ಟೆ. ಅವಳ ಮುಖದಲ್ಲಿ ಇದ್ದದ್ದು ಭಯ. ಈರುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಮೊಣಕೈ ಹಿಡಿದಳು.

"ನಿಮ್ಮವ್ವ ಸೊಲ್ಲಿ ಆಕ್ಸಿದ್ಲಾ?"

"ಸತ್ಯವಾಗ್ಲೂ ಇಲ್ಲ ಅತ್ತೆ."

"ಆಮ್ಯಾಕಾದ್ರೂ ಅವಳಿಗೆ ಗೊತ್ತಾಯ್ತಾ? ಮೂರ್ ತಿಂಗ್ಳು ನನ್ ಕೈ ಬುಡ್ದೆ ಇಡ್ಕೊಂಡಿದ್ಲಲ್ಲ, ಗೊತ್ತಿದ್ದೇ ಇಡ್ಕೊಂಡಿದ್ಲಾ?"

ಸತ್ಯ ಹೇಳುವುದಕ್ಕೆಂದೇ ಹೋಗಿದ್ದೆ.

"ಇಲ್ಲ. ಅವ್ವನಿಗೆ ಏನೂ ಗೊತ್ತಿರಲಿಲ್ಲ."

ಅತ್ತೆ ಉಸಿರು ಬಿಟ್ಟಳು. ಮೊಣಕೈ ಹಿಡಿದಿದ್ದ ಬೆರಳುಗಳು ಸಡಿಲಾದವು. ಕಣ್ಣೊರೆಸಿಕೊಂಡು ನಕ್ಕಳು.

"ಅಂಗಾರೆ ಸೆರಿ. ಅವಳು ನನ್ ಮ್ಯಾಲಿನ ಪಿರೀತಿ ಪಾಸಕ್ಕೇ ಅತ್ತಿದ್ದು. ನೀನ್ ಬುಡು, ಆಗ ಕೊಳಂದೆ, ಸಣ್ ಮಗೂ. ಕೊಳಂದೆಗಳು ಮಾಡ್ದಿದ್ದನ್ನ ಯಾರಾದ್ರೂ ಇಡ್ಕೊಂಡ್ ಕೂರ್ತಾರಾ? ಎದ್ದೇಳು, ಉಣ್ಣು ಬಾ."

ಹೀಗೆ ಅವಳು ನನ್ನನ್ನು ಕ್ಷಮಿಸಿದಳು, ನಾನು ಅವಳ ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅವಳ ನೆಮ್ಮದಿಗಾಗಿ ಹೇಳಿದ ಸುಳ್ಳು ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಅರ್ಧ ದಾರಿ ದಾಟುವಷ್ಟರಲ್ಲಿ ಅದನ್ನು ನಾನೇ ನಂಬಲಿಲ್ಲ. ನನ್ನವ್ವನನ್ನು ಉಳಿಸಿಕೊಂಡೆ, ಅವಳ ಜೊತೆ ನನ್ನನ್ನೂ. ಅತ್ತೆಗೆ ಸಿಕ್ಕಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಕನ್ನಡ ಆಡದವರು ಯಾರೂ ಇಲ್ಲ, ಆದರೆ ಶಾಲೆಯಲ್ಲಿ ಎಲ್ಲರೂ ಕಲಿತದ್ದು ತಮಿಳು. ಈ ಅಕ್ಷರಗಳು ಬರುವುದು ಮದುವೆಯಾಗಿ ಕೆಲವು ವರ್ಷ ಕೊಳ್ಳೇಗಾಲದಲ್ಲಿ ಇದ್ದ ನನಗೊಬ್ಬಳಿಗೇ. ತಮ್ಮನಿಗೆ ಬರುವುದಿಲ್ಲ, ಅವನ ಮಗಳಿಗೆ ಬರುವುದಿಲ್ಲ, ನಾಗತ್ತೆಗೆ ಓದಿ ಹೇಳಬಲ್ಲವರು ಒಡ್ಡನ್‌ಛತ್ರಂನಲ್ಲಿ ಯಾರೂ ಇಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದೆ.